ಅಪ್ಪನ ಅಂಬಾಸಿಡರ್ ಬಾಗಿಲ ಮೇಲಿನ ಹತ್ತಿ

ಹತ್ತಿ ಬಿಡಿಸುವ ಕೆಲಸ ಮೊನ್ನೆ ಮುಗೀತು. ಅಂಡಿಗೆಗಳು ಜಿನ್ನಿಗೆ ಹೋದ ಮೇಲೆ ಕೈ ಸ್ವಲ್ಪ ಖಾಲಿ ಆಯ್ತು. ಎರಡು ವರ್ಷದಿಂದ ಮುಂದಕ್ಕೆ ಹಾಕುತ್ತ ಬಂದಿದ್ದ ಕೆಲಸವೊಂದನ್ನು ಈಗ ಹಿಡಿದೆ. ಅಪ್ಪನ ಅಂಬಾಸಿಡರ್ ಕಾರಿನ ಹಿಂದಿನ ಎಡ ಬಾಗಿಲಲ್ಲಿ ಮೂರು ಕಡೆ ಬಣ್ಣ ಚಕ್ಕೆ ಎದ್ದಿದೆ. ಒಂದೊಂದೂ ಹೆಬ್ಬೆರಳ ಉಗುರಿನಷ್ಟು ಅಗಲ. ಒಂದರಲ್ಲಿ ತುಕ್ಕು ಕಾಣಿಸಿಕೊಂಡಿದೆ. ಈ ಮಳೆಗಾಲ ಹೀಗೇ ಬಿಟ್ಟರೆ ಬಾಗಿಲ ತಗಡು ತೂತು ಬೀಳೋದು ಖಂಡಿತ.

ಮನೆಯಲ್ಲಿ ಇದಕ್ಕೆ ದೊಡ್ಡ ಪಂಚಾಯ್ತಿ ಆಯ್ತು. ಮಗಳ ಮದುವೆ ಹತ್ತಿರ ಬಂತು, ಇಡೀ ಗಾಡಿಗೆ ಹೊಸ ಬಣ್ಣ ಹೊಡಿಸಿಬಿಡೋಣ, ಹೊಳೀತದೆ ಅಂತ ಮಗ. ಅವ್ವ ಮಾತ್ರ ಒಂದೇ ಮಾತು ಹೇಳಿದಳು: "ಆ ಬಣ್ಣ ನಿಮ್ಮಪ್ಪ ಎರಡು ದಿನ ನಿಂತು ಹೊಡಿಸಿದ್ದೈತಿ. ಹರಿದಲ್ಲಿ ಹೊಲೀರಿ, ಅಂಗೀನ ಬಿಸಾಡಬ್ಯಾಡ್ರಿ." ಅಪ್ಪ ಹೋಗಿ ಒಂಬತ್ತು ವರ್ಷ ಆಯ್ತು. ನಾನು ಇಬ್ಬರ ನಡುವೆ.

ಕೊನೆಗೆ ಊರ ಹತ್ತಿರದ ಹಳೇ ಪೇಂಟರ್ ಚಾಚಾ ಅವರನ್ನು ಕರೆದುಕೊಂಡು ಬಂದೆ. ಅವರು ಚಕ್ಕೆ ನೋಡಲಿಲ್ಲ, ಬಣ್ಣದ ಡಬ್ಬಿ ಕೇಳಲಿಲ್ಲ. ಒಂದು ಹಿಡಿ ಅರಳೆ ಕೇಳಿದರು. ಅದನ್ನು ಥಿನ್ನರ್‌ನಲ್ಲಿ ಅದ್ದಿ ಬಾಗಿಲ ಕೆಳಗಿನ ಅಂಚಿಗೆ ಒತ್ತಿ ಹಿಡಿದರು. ಅರಳೆಯ ಮೇಲೆ ಕೆನೆ ಬಣ್ಣ ಇಳಿದು ಬಂತು. "ಗೌಡ್ರ, ಇದು ಡ್ಯೂಕೋ ಐತ್ರಿ. ಇದಕ್ಕ ಇದೇ ಜಾತಿ ಬಣ್ಣಾನ ಕೂಡತೈತಿ" ಅಂದರು.

ಡ್ಯೂಕೋ ಅನ್ನೋ ಮಾತು ನೀವೂ ಕೇಳಿರ್ತೀರಿ. ಕಪಾಟಿಗೆ, ಬಾಗಿಲಿಗೆ ಸ್ಪ್ರೇ ಹೊಡೆಯುವವರು ಇಂದಿಗೂ "ಡ್ಯೂಕೋ ಹೊಡಿಯೋದಾ, ಪಾಲಿಶಾ?" ಅಂತ ಕೇಳ್ತಾರೆ. ನಾನು ಅದನ್ನು ಏನೋ ಒಂದು ಬಣ್ಣದ ಹೆಸರು ಅಂದ್ಕೊಂಡಿದ್ದೆ. ಅದರ ಬೆನ್ನು ಹತ್ತಿ ಓದುತ್ತ ಹೋದಾಗ ಕಥೆ ಬಂದು ನಿಂತದ್ದು ನಮ್ಮ ಹೊಲದಲ್ಲೇ. ಚಾಚಾ ಹಿಡಿದ ಅರಳೆಯೂ ಹತ್ತಿ, ಅದರ ಮೇಲೆ ಇಳಿದ ಬಣ್ಣವೂ ಮೂಲದಲ್ಲಿ ಹತ್ತಿಯೇ.

ಮೊದಲಿಂದ ಹೇಳ್ತೀನಿ. ಕಾರು ಬಂದ ಹೊಸದರಲ್ಲಿ ಅದಕ್ಕೆ ಹಚ್ಚುತ್ತಿದ್ದದ್ದು ಕುದುರೆ ಸಾರೋಟಿನ ಬಣ್ಣ. ಅದರ ಜೀವಾಳ ಅಗಸೆ ಎಣ್ಣೆ. ಅಗಸೆ ಎಣ್ಣೆ ನೀರಿನ ಹಾಗೆ ಆರಿ ಒಣಗುವುದಿಲ್ಲ. ಗಾಳಿಯಲ್ಲಿನ ಆಮ್ಲಜನಕ ಹೀರಿ ನಿಧಾನಕ್ಕೆ ಗಟ್ಟಿಯಾಗುತ್ತದೆ. ಬ್ರಷ್‌ನಲ್ಲಿ ಒಂದು ಪದರ ಹಚ್ಚಬೇಕು, ದಿನಗಟ್ಟಲೆ ಕಾಯಬೇಕು, ಉಜ್ಜಬೇಕು, ಮತ್ತೊಂದು ಪದರ ಹಚ್ಚಬೇಕು. ಒಂದು ಒಳ್ಳೆ ಕಾರಿನ ಬಣ್ಣ ಮುಗಿಯಲು ವಾರಗಳೇ ಹಿಡಿಯುತ್ತಿದ್ದವು. ಒಣಗುವ ಗಾಡಿಗಳನ್ನು ನಿಲ್ಲಿಸಲು ಕಾರ್ಖಾನೆಗಳು ದೊಡ್ಡ ದೊಡ್ಡ ಶೆಡ್ಡು ಕಟ್ಟಬೇಕಾಗಿತ್ತು.

ಅಮೆರಿಕದ ಹೆನ್ರಿ ಫೋರ್ಡ್ 1913ರಲ್ಲಿ ಸಾಗುವ ಜೋಡಣೆ ಸಾಲು ತಂದ. ಮಾಡೆಲ್ ಟಿ ಗಾಡಿಯ ಚಾಸಿ ಜೋಡಿಸಲು ಮೊದಲು ಹನ್ನೆರಡು ಗಂಟೆಗೂ ಮೇಲೆ ಹಿಡಿಯುತ್ತಿತ್ತು, ಮರುವರ್ಷ ಅದು ಸುಮಾರು ಒಂದೂವರೆ ಗಂಟೆಗೆ ಇಳಿಯಿತು. ಗಾಡಿ ಒಂದೂವರೆ ಗಂಟೆಗೆ, ಬಣ್ಣ ವಾರಗಟ್ಟಲೆ ಅಂದರೆ ಹೇಗೆ? ರಾಶಿ ಮಾಡೋ ಯಂತ್ರ ತಂದು, ಚೀಲ ಹೊಲಿಯಲು ಒಬ್ಬನೇ ಆಳು ಇಟ್ಟ ಹಾಗೆ. 1908ರಲ್ಲಿ ಮಾಡೆಲ್ ಟಿ ಶುರುವಾದಾಗ ಹಸಿರು, ಕೆಂಪು, ಬೂದು ಬಣ್ಣದವೂ ಇದ್ದವು. 1914ರಿಂದ 1925ರವರೆಗೆ ಬರೀ ಕಪ್ಪು. ಡಾಂಬರಿನ ಜಾತಿಯ ಪದಾರ್ಥ ಬೆರೆಸಿದ ಆ ಕಪ್ಪು ಅಗ್ಗ, ಗಟ್ಟಿ, ಮೇಲಾಗಿ ಒಲೆಯಲ್ಲಿ ಕಾಯಿಸಿ ಒಣಗಿಸಬಹುದಿತ್ತು. ಆ ಗಾಡಿಗೆ ಚಕ್ಕೆ ಎದ್ದರೆ ಬಣ್ಣ ಹೊಂದಿಸುವ ತಲೆನೋವೇ ಇರಲಿಲ್ಲ. ಒಂದು ಡಬ್ಬಿ ಕಪ್ಪು ಇದ್ದರೆ ಊರಿಗೆಲ್ಲ ಸಾಕು.

ಇನ್ನೊಂದು ಕಡೆ ಹತ್ತಿಯ ಕಥೆ ಬೇರೆಯೇ ನಡೆದಿತ್ತು. 1846ರ ಸುಮಾರಿಗೆ ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ ಶೋನ್‌ಬೈನ್ ಎಂಬ ರಸಾಯನ ಶಾಸ್ತ್ರಜ್ಞ ಹತ್ತಿಯನ್ನು ನೈಟ್ರಿಕ್ ಮತ್ತು ಗಂಧಕದ ಆಮ್ಲಗಳಲ್ಲಿ ನೆನೆಸಿ ಹೊಸ ಪದಾರ್ಥ ಮಾಡಿದ. ನೋಡಲು ಹತ್ತಿ, ಕಿಡಿ ತಾಗಿದರೆ ಸಿಡಿಮದ್ದು. ಇದೇ ನೈಟ್ರೋಸೆಲ್ಯುಲೋಸ್. ಮುಂದೆ ಇದರಿಂದ ಹೊಗೆಯಿಲ್ಲದ ಬಂದೂಕಿನ ಮದ್ದು ಬಂತು, ಸಿನಿಮಾ ರೀಲು ಬಂತು. ಇದಕ್ಕೆ ಬಟ್ಟೆ ನೇಯುವ ಉದ್ದ ಎಳೆ ಬೇಕಿಲ್ಲ. ಜಿನ್ನಿನಲ್ಲಿ ಅರಳೆ ಬಿಡಿಸಿದ ಮೇಲೂ ಹತ್ತಿಕಾಳಿಗೆ ಅಂಟಿಕೊಂಡಿರುವ ಗಿಡ್ಡ ನಾರು ಇದೆಯಲ್ಲ, ಲಿಂಟರ್ಸ್ ಅಂತಾರೆ, ಅದೇ ಸಾಕು. ನಾವು ಲೆಕ್ಕಕ್ಕೇ ಹಿಡಿಯದ ನಾರು ಅದು.

ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿ ಈ ಮದ್ದನ್ನು ರಾಶಿ ರಾಶಿ ಮಾಡಿ ಮಾರಿತು. 1918ರಲ್ಲಿ ಯುದ್ಧ ನಿಂತಿತು. ಕಾರ್ಖಾನೆಗಳು ಇದ್ದವು, ಮದ್ದು ಕೊಳ್ಳುವವರು ಇರಲಿಲ್ಲ. ನೈಟ್ರೋಸೆಲ್ಯುಲೋಸ್‌ನಿಂದ ಕಾರಿನ ಬಣ್ಣ ಮಾಡುವ ಯೋಚನೆಗೆ ಒಂದು ತೊಡಕಿತ್ತು. ದ್ರಾವಕದಲ್ಲಿ ಕರಗಿಸಿದರೆ ಅದು ಜೋನಿ ಬೆಲ್ಲದ ಹಾಗೆ ಮಂದ. ಸ್ಪ್ರೇ ಆಗುವಷ್ಟು ತೆಳ್ಳಗೆ ಮಾಡಿದರೆ ತಗಡಿನ ಮೇಲೆ ಬಣ್ಣವೇ ನಿಲ್ಲುತ್ತಿರಲಿಲ್ಲ. 1920ರ ಬೇಸಿಗೆಯಲ್ಲಿ ನ್ಯೂಜೆರ್ಸಿಯ ಪಾರ್ಲಿನ್‌ನ ಡ್ಯುಪಾಂಟ್ ಫಿಲ್ಮ್ ಕಾರ್ಖಾನೆಯಲ್ಲಿ ಒಂದು ಪೀಪಾಯಿ ದ್ರಾವಣ ಬಿಸಿಲಲ್ಲಿ ಹಾಗೇ ಉಳಿದುಬಿಟ್ಟಿತು. ಅದಕ್ಕೆ ಸೋಡಿಯಂ ಅಸಿಟೇಟ್ ಸೇರಿತ್ತು. ತೆಗೆದು ನೋಡಿದರೆ ಜೋನಿ ಹೋಗಿ ತೆಳ್ಳಗಾಗಿತ್ತು, ಒಳಗಿನ ಸಾರ ಮಾತ್ರ ಕಡಿಮೆ ಆಗಿರಲಿಲ್ಲ. ಅವರು ಅದನ್ನು ಕೆಟ್ಟಿತು ಅಂತ ಚೆಲ್ಲಲಿಲ್ಲ. ಅಲ್ಲಿಂದ ಹುಟ್ಟಿದ್ದೇ ಡ್ಯೂಕೋ.

ಜನರಲ್ ಮೋಟರ್ಸ್‌ನ ಸಂಶೋಧನೆಯ ಮುಖ್ಯಸ್ಥ ಚಾರ್ಲ್ಸ್ ಕೆಟರಿಂಗ್ ಬೇಗ ಒಣಗುವ ಬಣ್ಣಕ್ಕಾಗಿ ಹಟ ಹಿಡಿದು ಕೂತಿದ್ದ ಮನುಷ್ಯ. ಎರಡೂ ಕಂಪನಿ ಸೇರಿ ದುಡಿದವು. 1923ರಲ್ಲಿ, 1924ರ ಮಾದರಿಯಾಗಿ, ಓಕ್‌ಲೆಂಡ್ ಎಂಬ ಕಾರು ಡ್ಯೂಕೋದ ನೀಲಿ ಬಣ್ಣ ಹೊತ್ತು ಬಂತು. ಸ್ಪ್ರೇ ಗನ್ನಿನಲ್ಲಿ ಹೊಡೆದ ಪದರದಿಂದ ದ್ರಾವಕ ಹಾರಿಹೋದರೆ ಬಣ್ಣ ಒಣಗಿದ ಹಾಗೇ. ವಾರಗಳ ಕೆಲಸ ಗಂಟೆಗಳ ಲೆಕ್ಕಕ್ಕೆ ಬಂತು. ಮುಂದಿನ ಕೆಲವೇ ವರ್ಷಗಳಲ್ಲಿ ಸಾಧಾರಣ ಜನರ ಕಾರಿಗೂ ಬಗೆಬಗೆಯ ಬಣ್ಣ ಬಂತು. 1926ರ ಮಾದರಿಗೆ ಫೋರ್ಡ್ ಕೂಡ ಕಪ್ಪು ಬಿಟ್ಟು ಬೇರೆ ಬಣ್ಣ ಕೊಡಬೇಕಾಯ್ತು.

ಬಣ್ಣ ಬಂತು, ಜೊತೆಗೇ ಬಣ್ಣ ಹೊಂದಿಸುವ ಕಷ್ಟವೂ ಬಂತು. ಕಪ್ಪಿನ ಕಾಲದಲ್ಲಿ ಇಲ್ಲದ ಪ್ರಶ್ನೆ ಈಗ ಪ್ರತಿ ಗ್ಯಾರೇಜಿಗೆ ಬಂದು ನಿಂತಿತು. ಈ ನೀಲಿ ಯಾವ ನೀಲಿ? ಹೊಸದಾಗಿದ್ದಾಗಿನ ನೀಲಿಯೋ, ಮೂರು ಬೇಸಿಗೆ ಕಂಡ ನೀಲಿಯೋ?

ಬಣ್ಣದ ಜಾತಿಗಳೂ ಬೆಳೆಯುತ್ತ ಹೋದವು. 1930ರ ದಶಕದಲ್ಲಿ ಅಲ್ಕೈಡ್ ಎನಾಮೆಲ್ ಬಂತು. ಅದರಲ್ಲಿ ಮತ್ತೆ ಎಣ್ಣೆಯ ಅಂಶ, ಮತ್ತೆ ಆಮ್ಲಜನಕದ ಕೆಲಸ. 1950ರ ದಶಕದಲ್ಲಿ ಅಕ್ರಿಲಿಕ್ ಬಂತು. 1980ರ ದಶಕದ ಹೊತ್ತಿಗೆ ಕೆಳಗೆ ಬಣ್ಣ, ಮೇಲೆ ಪಾರದರ್ಶಕ ಕ್ಲಿಯರ್ ಕೋಟ್ ಎಂಬ ಪದ್ಧತಿ ಹರಡಿತು. ಈಗಿನ ಕಾರುಗಳಲ್ಲಿ ಇರುವುದು ಅದೇ. ಹಳೇ ಗಾಡಿ ರಿಪೇರಿ ಮಾಡುವವರು ಈ ವಂಶಾವಳಿ ತಿಳಿದಿರಲೇಬೇಕು. ಎನಾಮೆಲ್ ಮೇಲೆ ಎನ್.ಸಿ. ಹೊಡೆದರೆ, ಅಂದರೆ ಈ ಡ್ಯೂಕೋ ಜಾತಿಯ ಬಣ್ಣ ಹೊಡೆದರೆ, ಅದರ ಥಿನ್ನರ್ ಕೆಳಗಿನ ಪದರವನ್ನು ಸುಕ್ಕುಗಟ್ಟಿಸಿ ಎಬ್ಬಿಸಬಹುದು. ಚಾಚಾ ಅರಳೆ ಒತ್ತಿದ್ದು ಇದಕ್ಕೇ. ಬಣ್ಣ ಕರಗಿ ಅರಳೆಗೆ ಬಂದರೆ ಎನ್.ಸಿ. ಸುಕ್ಕು ಎದ್ದರೆ ಎನಾಮೆಲ್. ಏನೂ ಆಗದಿದ್ದರೆ ಒಲೆಯಲ್ಲಿ ಬೇಯಿಸಿದ್ದೋ, ಗಟ್ಟಿಕಾರಕ ಬೆರೆಸಿದ ಹೊಸ ಜಾತಿಯದೋ ಇರಬೇಕು.

ಎನ್.ಸಿ.ಯ ದೊಡ್ಡ ಗುಣ ಇದು: ಎಷ್ಟು ವರ್ಷ ಆದರೂ ತನ್ನ ಥಿನ್ನರ್‌ನಲ್ಲಿ ಮತ್ತೆ ಕರಗುತ್ತದೆ. ಹೊಸ ಬಣ್ಣ ಹಚ್ಚಿದಾಗ ಹಳೇ ಪದರದ ಅಂಚು ಸ್ವಲ್ಪ ಕರಗಿ ಹೊಸದರ ಜೊತೆ ಬೆಸೆದುಕೊಳ್ಳುತ್ತದೆ. ಅವ್ವ ಹೇಳಿದ ಹೊಲಿಗೆ ಇದೇ. ಕೆಟ್ಟ ಗುಣವೂ ಇದೆ. ಬಿಸಿಲಿಗೆ ಹಳದಿ ತಿರುಗುತ್ತದೆ, ಕಾಲ ಕಳೆದ ಹಾಗೆ ಬಿರುಕು ಬಿಡುತ್ತದೆ. ಪೆಡಸಾಗದೆ ಇರಲಿ ಅಂತ ಹಿಂದೆ ಇದಕ್ಕೆ ಔಡಲ ಎಣ್ಣೆಯನ್ನೂ ಬೆರೆಸುತ್ತಿದ್ದರು. ಹತ್ತಿ, ಅಗಸೆ, ಔಡಲ. ನೋಡಿ, ಕಾರಿನ ಬಣ್ಣದ ಇತಿಹಾಸದ ಅರ್ಧ ನಮ್ಮ ಎರೆಹೊಲದ ಬೆಳೆಗಳೇ.

ಇನ್ನು ಬಣ್ಣ ಹೊಂದಿಸಿದ ಬಗೆ. ಬಿಳಿ ಅಂದರೆ ಬಿಳಿ, ಅದರಲ್ಲೇನು ಅಂದ್ಕೊಂಡಿದ್ದೆ. ಎಲ್ಲಕ್ಕಿಂತ ಕಷ್ಟ ಅದೇ ಅಂತೆ. ಚಾಚಾ ಮೊದಲು ಬಾಗಿಲು ತೊಳೆಸಿ, ಒಂದು ಅಂಗೈಯಷ್ಟು ಜಾಗವನ್ನು ರಬ್ಬಿಂಗ್ ಕಾಂಪೌಂಡ್ ಹಾಕಿ ತಿಕ್ಕಿದರು. ಮೇಲಿನ ಸುಣ್ಣದಂಥ ಪುಡಿ ಹೋಗಿ ನಿಜವಾದ ಕೆನೆ ಕಂಡಿತು. ಬಿಸಿಲು ಮೇಲ್ಪದರದ ಅಂಟನ್ನು ತಿಂದಾಗ ಬಿಳಿ ಪುಡಿ ಹಾಗೆ ಸಡಿಲಾಗಿ ನಿಲ್ಲುತ್ತದೆ. ಆ ಪುಡಿಗೆ ಬಣ್ಣ ಹೊಂದಿಸಿದರೆ, ಪಾಲಿಶ್ ಮಾಡಿದ ದಿನವೇ ತೇಪೆ ಬೇರೆ ಕಾಣುತ್ತದೆ.

ಆಮೇಲೆ ಬಾಗಿಲ ರಬ್ಬರ್ ಬೀಡಿಂಗ್ ಎತ್ತಿ ಅದರ ಕೆಳಗಿನ ಬಣ್ಣ ತೋರಿಸಿದರು. ಬಿಸಿಲು ಕಾಣದ ಆ ಜಾಗ ಇನ್ನೂ ತಿಳಿ, ಹೊರಗಿನದು ಒಂದು ಛಾಯೆ ಹಳದಿ. "ಯಾವುದಕ್ಕ ಕೂಡಿಸ್ಲಿ? ಅವತ್ತಿನ ಬಣ್ಣಕ್ಕೋ, ಇವತ್ತಿನ ಬಣ್ಣಕ್ಕೋ?" ಅಂತ ಕೇಳಿದರು. ಡಬ್ಬಿಯ ಮೇಲಿನ ನಂಬರು ಹೇಳುವುದು ಹುಟ್ಟಿದ ದಿನದ ಬಣ್ಣ. ಗಾಡಿ ಮೇಲೆ ಇರುವುದು ಬಾಳಿದ ಬಣ್ಣ. ನಾನು ಇವತ್ತಿನದು ಅಂದೆ.

ಬಿಳಿಗೆ ಹಳದಿ ಆಕ್ಸೈಡ್ ನಾಲ್ಕು ಹನಿ, ಕಪ್ಪು ಕಡ್ಡಿಯ ತುದಿಯಷ್ಟು, ಕೆಂಪು ಅದಕ್ಕಿಂತ ಕಡಿಮೆ. ಹಸಿ ಬಣ್ಣ ನೋಡಿ ತೀರ್ಮಾನ ಮಾಡಬಾರದು, ಒಣಗಿದಾಗ ಬದಲಾಗುತ್ತದೆ. ಅದಕ್ಕೆ ಹಳೇ ತಗಡಿನ ತುಂಡಿಗೆ ಹಚ್ಚಿ, ಒಣಗಿಸಿ, ಬಾಗಿಲಿಗೆ ಹಿಡಿದು ನೋಡಬೇಕು. ಐದು ತಗಡು ಕೆಟ್ಟವು, ಆರನೆಯದು ಕೂಡಿತು. ಆ ಆರನೆಯದನ್ನೂ ಟ್ಯೂಬ್‌ಲೈಟ್ ಕೆಳಗೆ ನೋಡಿ ಒಪ್ಪಲಿಲ್ಲ. ಅಂಗಳದ ನೆರಳಲ್ಲಿ, ಹಗಲ ಬೆಳಕಲ್ಲಿ ನೋಡಿದರು. ಎರಡು ಬಣ್ಣಗಳಲ್ಲಿ ಬೆರೆತ ಪುಡಿಗಳು ಬೇರೆಯಾಗಿದ್ದರೆ ಒಂದು ಬೆಳಕಲ್ಲಿ ಅವಳಿ ಹಾಗೆ ಕಂಡು, ಇನ್ನೊಂದು ಬೆಳಕಲ್ಲಿ ಅಪರಿಚಿತರ ಹಾಗೆ ಕಾಣುತ್ತವೆ. ಇಂದು ದೊಡ್ಡ ಅಂಗಡಿಗಳಲ್ಲಿ ಬೆಳಕು ಅಳೆದು ಬಣ್ಣ ಹೇಳುವ ಯಂತ್ರ ಇದೆ. ಅದಕ್ಕೂ ಕೊನೆಗೆ ಕಣ್ಣಿನ ಒಪ್ಪಿಗೆ ಬೇಕು.

ಹಚ್ಚುವ ಕೆಲಸ ನನ್ನ ಕೈಯಲ್ಲೇ ಮಾಡಿಸಿದರು. ತುಕ್ಕನ್ನು ಹೊಳೆಯುವ ತಗಡು ಕಾಣುವವರೆಗೆ ಕೆರೆದು, ಚಕ್ಕೆಯ ಅಂಚನ್ನು ವಾಟರ್ ಪೇಪರ್‌ನಲ್ಲಿ ಇಳಿಜಾರು ಮಾಡಿ, ರೆಡ್ ಆಕ್ಸೈಡ್ ಪ್ರೈಮರ್ ಹಚ್ಚಿದೆ. ಮೇಲೆ ಸಣ್ಣ ಬ್ರಷ್‌ನಲ್ಲಿ ತೆಳ್ಳನೆ ಬಣ್ಣ, ಒಣಗಿದ ಮೇಲೆ ಇನ್ನೊಂದು. ಒಮ್ಮೆಲೇ ದಪ್ಪ ಹಚ್ಚಿದರೆ ಮೇಲೆ ಕೆನೆಗಟ್ಟಿ ಒಳಗೆ ಹಸಿ ಉಳಿಯುತ್ತದೆ. ಎನ್.ಸಿ. ಒಣಗುತ್ತ ಕುಗ್ಗುವುದರಿಂದ ಸುತ್ತಲಿನ ಮಟ್ಟಕ್ಕಿಂತ ಕೂದಲೆಳೆಯಷ್ಟು ಮೇಲೆ ಬರುವವರೆಗೆ ಏಳೆಂಟು ಪದರ ಹಚ್ಚಿದೆ. ಒಂದು ವಾರ ಬಿಟ್ಟು, ನೀರು ಹಾಕುತ್ತ 1000, 1500, 2000 ನಂಬರಿನ ಕಾಗದದಲ್ಲಿ ಉಜ್ಜಿ, ಕಾಂಪೌಂಡ್ ಹಾಕಿ ತಿಕ್ಕಿದೆ.

ಮಾಡುವವರಿಗೆ ಎರಡು ಎಚ್ಚರಿಕೆ. ಹಳೇ ಬಣ್ಣದಲ್ಲಿ ಸೀಸ ಇರಬಹುದು. ಒಣ ಕಾಗದದಲ್ಲಿ ಉಜ್ಜಿ ಧೂಳು ಎಬ್ಬಿಸಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಇನ್ನೊಂದು, ಈ ಬಣ್ಣ ಬಂದೂಕಿನ ಮದ್ದಿನ ತಮ್ಮ ಅನ್ನೋದು ಮರೀಬೇಡಿ. ಬೀಡಿ, ಒಲೆ ದೂರ ಇರಲಿ. ಥಿನ್ನರ್ ಚಿಂದಿಗಳನ್ನು ಮೂಲೆಗೆ ಒಟ್ಟಬೇಡಿ.

ಈಗ ಬಾಗಿಲು ಹೇಗಿದೆ? ನಾಲ್ಕು ಹೆಜ್ಜೆ ದೂರದಿಂದ ತೇಪೆ ಕಾಣಲ್ಲ. ಬಗ್ಗಿ ನೋಡಿದರೆ ಮೂರೂ ಕಾಣುತ್ತವೆ. ಮಗ ಬಗ್ಗಿ ನೋಡಿದ, ಏನೂ ಅನ್ನಲಿಲ್ಲ. ಮದುವೆಗೆ ಗಾಡಿ ಹೀಗೇ ಬರಲಿ ಅಂತ ಸಂಜೆ ಅವನೇ ಅಂದ. ಅವ್ವ ಬಾಗಿಲ ಮೇಲೆ ಕೈ ಆಡಿಸಿ, ಬೆರಳಿಗೆ ಏನೂ ತಾಗದ್ದಕ್ಕೆ ತಲೆ ಅಲ್ಲಾಡಿಸಿದಳು.

ಉಳಿದ ಬಣ್ಣವನ್ನು ಸಣ್ಣ ಬಾಟಲಿಯಲ್ಲಿ ಹಾಕಿ, ಆರನೇ ತಗಡಿನ ತುಂಡನ್ನು ಅದಕ್ಕೆ ಕಟ್ಟಿ ಇಟ್ಟಿದ್ದೀನಿ. ಬಾಟಲಿ ಮೇಲೆ ಬೆರಕೆಯ ಲೆಕ್ಕ, ಇವತ್ತಿನ ತಾರೀಖು ಎರಡೂ ಬರೆದಿದ್ದೀನಿ. ಮುಂದಿನ ಚಕ್ಕೆ ಏಳುವ ಹೊತ್ತಿಗೆ ಬಾಗಿಲು ಇನ್ನೊಂದು ಛಾಯೆ ಹಳದಿ ಆಗಿರುತ್ತದೆ. ಆಗ ಮಗ ಇದನ್ನು ಹಿಡಿದು ನೋಡಿ, ಹಳದಿ ಎಷ್ಟು ಹನಿ ಹೆಚ್ಚಿಗೆ ಬೇಕು ಅಂತ ಲೆಕ್ಕ ಹಾಕಲಿ.