ಆಹಾರ ತೈಲಗಳು ಮತ್ತು ಪ್ರಾಣಿಗಳ ರೋಗನಿರೋಧಕ ಅಂಗಗಳು

ಪ್ರಾಣಿಗಳು ಸೇವಿಸುವ ಎಣ್ಣೆಯ ಬಗೆಯು ಥೈಮಸ್ ಗ್ರಂಥಿ, ಗುಲ್ಮ, ದುಗ್ಧಗ್ರಂಥಿಗಳು ಹಾಗೂ ಕೋಳಿಗಳಲ್ಲಿರುವ ಫ್ಯಾಬ್ರಿಷಿಯಸ್ ಚೀಲ ಇವುಗಳ ಚಯಾಪಚಯದ ಮೇಲೆ ಪ್ರಭಾವ ಬೀರುತ್ತದೆ. ಕೊಬ್ಬಿನಾಮ್ಲಗಳು ಕೇವಲ ಇಂಧನವಲ್ಲ, ಅನಿವಾರ್ಯ ಪೋಷಕಾಂಶವೂ ಹೌದೆಂಬುದನ್ನು ಬರ್ ದಂಪತಿಗಳು 1929ರಲ್ಲಿ ಇಲಿಗಳ ಮೇಲಿನ ಪ್ರಯೋಗದಿಂದ ತೋರಿಸಿದರು.

ಕಾರ್ಯವಿಧಾನ

ಆಹಾರದ ಕೊಬ್ಬಿನಾಮ್ಲಗಳು ಲಿಂಫೋಸೈಟ್ ಎಂಬ ಬಿಳಿರಕ್ತಕಣಗಳ ಪೊರೆಯಲ್ಲಿ ಸೇರಿಕೊಳ್ಳುತ್ತವೆ. ಕುಸುಬೆ ಎಣ್ಣೆಯಲ್ಲಿ ಹೇರಳವಾಗಿರುವ ಲಿನೋಲಿಯಿಕ್ ಆಮ್ಲದಿಂದ ದೇಹವು ಅರಾಕಿಡೋನಿಕ್ ಆಮ್ಲವನ್ನೂ, ಅದರಿಂದ ಪ್ರೋಸ್ಟಗ್ಲಾಂಡಿನ್ ಇ2 ಎಂಬ ಸಂಕೇತವಸ್ತುವನ್ನೂ ತಯಾರಿಸಬಲ್ಲದು. ಇದು ಹೆಚ್ಚಾದರೆ ಲಿಂಫೋಸೈಟ್‌ಗಳ ವಿಭಜನೆ ತಗ್ಗುತ್ತದೆ. ಮೀನೆಣ್ಣೆಯ ಒಮೆಗಾ-3 ಆಮ್ಲಗಳು ಅರಾಕಿಡೋನಿಕ್ ಆಮ್ಲದ ಸ್ಥಾನವನ್ನು ಆಕ್ರಮಿಸಿ ಈ ವಸ್ತುವಿನ ಉತ್ಪಾದನೆಯನ್ನು ಕಡಿಮೆ ಮಾಡುತ್ತವೆ. ಹಾಗಾದರೆ ಮೀನೆಣ್ಣೆಯಿಂದ ನಿರೋಧಶಕ್ತಿ ಹೆಚ್ಚಬೇಕಲ್ಲವೇ? 1990ರ ದಶಕದಲ್ಲಿ ಆಕ್ಸ್‌ಫರ್ಡ್‌ನಲ್ಲಿ ನಡೆದ ಪ್ರಯೋಗಗಳಲ್ಲಿ ಮೀನೆಣ್ಣೆ ಹಾಗೂ ಆಲಿವ್ ಎಣ್ಣೆ ತಿಂದ ಇಲಿಗಳಲ್ಲಿ ಲಿಂಫೋಸೈಟ್‌ಗಳ ವಿಭಜನೆ ಕುಂದಿತು. ಆದುದರಿಂದ ‘ಉರಿಯೂತ ಶಮನ’ವನ್ನೂ ‘ರೋಗನಿರೋಧಶಕ್ತಿಯ ವೃದ್ಧಿ’ಯನ್ನೂ ಒಂದೇ ಎಂದು ಭಾವಿಸುವುದು ತಪ್ಪು, ಜಾಹೀರಾತುಗಳು ಈ ಭೇದವನ್ನು ಸಾಮಾನ್ಯವಾಗಿ ಮರೆಮಾಚುತ್ತವೆ.

ಮೆಲುಕು ಹಾಕುವ ಪ್ರಾಣಿಗಳಲ್ಲಿ

ಇಲಿ, ಕೋಳಿಗಳ ಫಲಿತಾಂಶವನ್ನು ದನ, ಎಮ್ಮೆ, ಆಡುಗಳಿಗೆ ಹಾಗೆಯೇ ಅನ್ವಯಿಸಲಾಗದು. ಇವುಗಳ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಅಪರ್ಯಾಪ್ತ ಕೊಬ್ಬಿನಾಮ್ಲಗಳಿಗೆ ಹೈಡ್ರೋಜನ್ ಸೇರಿಸಿ ಬಹುಪಾಲನ್ನು ಪರ್ಯಾಪ್ತಗೊಳಿಸುತ್ತವೆ. ಮೇವಿನ ಒಣತೂಕದಲ್ಲಿ ಕೊಬ್ಬು ಶೇ. 6–7ನ್ನು ಮೀರಿದರೆ ನಾರಿನ ಜೀರ್ಣಕ್ರಿಯೆ ಕುಗ್ಗುತ್ತದೆ.

ಬೀದರ್ ಜಿಲ್ಲೆಯ ಸಂದರ್ಭ

ಮಹಾರಾಷ್ಟ್ರದ ಗಡಿಗೆ ತಾಗಿದ ಔರಾದ್ ಮತ್ತು ಭಾಲ್ಕಿ ತಾಲ್ಲೂಕುಗಳು ದೇವಣಿ ದನಗಳ ತವರು ಸೀಮೆಗೆ ಸೇರಿವೆ. ಇಲ್ಲಿ ಸೋಯಾ ಅವರೆ ಮುಂಗಾರಿನ ಮುಖ್ಯ ಬೆಳೆ, ಕುಸುಬೆ ಹಿಂಗಾರಿನ ಬೆಳೆಗಳಲ್ಲೊಂದು. ಎಣ್ಣೆ ತೆಗೆದ ಬಳಿಕ ಉಳಿಯುವ ಹಿಂಡಿಯ ಮೂಲಕವೇ ಜಾನುವಾರುಗಳಿಗೆ ಎಣ್ಣೆಯ ಅಂಶ ದೊರೆಯುತ್ತದೆ. ಗಾಣದ ಹಿಂಡಿಯಲ್ಲಿ ಅದು ಹೆಚ್ಚು, ದ್ರಾವಕದಿಂದ ಎಣ್ಣೆ ತೆಗೆದ ಹಿಂಡಿಯಲ್ಲಿ ಅತ್ಯಲ್ಪ. ಎಣ್ಣೆಯ ಬಗೆಗಿಂತ ಹಿಂಡಿಯ ಸ್ಥಿತಿಯೇ ಇಲ್ಲಿ ಹೆಚ್ಚು ನಿರ್ಣಾಯಕ: ತೇವದಲ್ಲಿ ಬೂಷ್ಟು ಹಿಡಿದ ಶೇಂಗಾ ಹಿಂಡಿಯಲ್ಲಿ ಉಂಟಾಗುವ ಅಫ್ಲಾಟಾಕ್ಸಿನ್ ಯಕೃತ್ತನ್ನು ಕೆಡಿಸುವುದಲ್ಲದೆ ರೋಗನಿರೋಧಶಕ್ತಿಯನ್ನೂ ಕುಂದಿಸುತ್ತದೆ, ಹಾಲಿನಲ್ಲಿಯೂ ಸೇರುತ್ತದೆ. ಕಮಟಿದ ಎಣ್ಣೆಯು ಇ ಜೀವಸತ್ವವನ್ನು ನಾಶಪಡಿಸುತ್ತದೆ.

ನೊರೆಯುಕ್ತ ಹೊಟ್ಟೆಯುಬ್ಬರಕ್ಕೆ ಎಣ್ಣೆ ಕುಡಿಸುವ ರೂಢಿಗೆ ಆಧಾರವಿದೆ. ಎಣ್ಣೆಯು ನೊರೆಯನ್ನು ಒಡೆಯುತ್ತದೆ. ಆದರೆ ತಲೆಯನ್ನು ಮೇಲೆತ್ತಿ ಅವಸರದಿಂದ ಸುರಿದರೆ ಅದು ಶ್ವಾಸಕೋಶ ಸೇರಿ ಪ್ರಾಣಾಪಾಯ ಉಂಟಾಗಬಹುದು. ಬೀದರ್ ನಗರದ ನಂದಿನಗರದಲ್ಲಿ, 2004ರ ಕಾಯ್ದೆಯನ್ವಯ ಸ್ಥಾಪಿತವಾದ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರಸ್ಥಾನವಿದೆ.