ತಿರುಚು, ಓರೆ, ತಹ್ರೀಫ್: ಇತಿಹಾಸ ಓದುವವರಿಗೆ ಒಂದಿಷ್ಟು ಪದವಿಚಾರ

‘ಇತಿಹಾಸವನ್ನು ತಿರುಚಿದ್ದಾರೆ’ ಎಂಬ ಮಾತು ಇತ್ತೀಚೆಗೆ ಸಭೆಗಳಲ್ಲಿ, ಪತ್ರಿಕೆಗಳಲ್ಲಿ, ಚಹಾದಂಗಡಿಗಳಲ್ಲಿ ಕೂಡ ಕೇಳಿಬರುತ್ತದೆ. ಹೇಳುವವರು ಬೇರೆ ಬೇರೆ, ಆರೋಪ ಮಾತ್ರ ಒಂದೇ. ಹಾಗಾದರೆ ‘ತಿರುಚು’ ಎಂದರೇನು? ವಿದ್ಯಾರ್ಥಿಗಳು ಈ ಪದವನ್ನೂ ಅದರ ಸಮಾನಾರ್ಥಕಗಳನ್ನೂ ಸರಿಯಾಗಿ ತಿಳಿದುಕೊಂಡರೆ ಇತಿಹಾಸದ ಓದು ಅರ್ಧ ಸುಲಭವಾಗುತ್ತದೆ.

ಕನ್ನಡದಲ್ಲಿ ಈ ಅರ್ಥಕ್ಕೆ ಹತ್ತಿರವಾದ ಪದಗಳು ಹಲವು: ಓರೆ, ಸೊಟ್ಟ, ಡೊಂಕು, ವಕ್ರ, ವಿಕೃತಿ, ಅಪಭ್ರಂಶ, ಪಕ್ಷಪಾತ, ತಿರುಚುವಿಕೆ. ಉರ್ದುವಿನಲ್ಲಿ ಟೇಢಾ, ಕಜ್, ತರಫ್‌ದಾರಿ, ಜಾನಿಬ್‌ದಾರಿ, ತಹ್ರೀಫ್ ಎಂಬ ಪದಗಳಿವೆ. ಪರೀಕ್ಷೆಯಲ್ಲಿ ಇವುಗಳಲ್ಲಿ ಒಂದಕ್ಕೆ ಇನ್ನೊಂದನ್ನು ಬರೆದರೆ ಅಂಕ ಸಿಗಬಹುದು. ಆದರೆ ಇತಿಹಾಸದಲ್ಲಿ ಇವು ಬೇರೆ ಬೇರೆ ಸಂಗತಿಗಳು. ಇವನ್ನು ಮೂರು ಗುಂಪು ಮಾಡಿ ನೋಡೋಣ.

ಮೊದಲನೆಯದು ನಾಲಿಗೆಯಿಂದ ಆಗುವ ಬದಲಾವಣೆ. ಇದಕ್ಕೆ ನಮ್ಮ ವ್ಯಾಕರಣದಲ್ಲಿ ‘ಅಪಭ್ರಂಶ’ ಎಂಬ ಹೆಸರಿದೆ. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಇದಕ್ಕಾಗಿ ಒಂದು ಪ್ರಕರಣವನ್ನೇ ಇಟ್ಟಿದ್ದಾನೆ. ಕಾವ್ಯ ಕಬ್ಬವಾಯಿತು, ಆಕಾಶ ಆಗಸವಾಯಿತು. ಹಾಗೆಯೇ ದಫ್ತರ್ ದಪ್ತರವಾಯಿತು, ಜಮೀನ್ ಜಮೀನು ಆಯಿತು. ಕೆಲವು ಪದಗಳಲ್ಲಿ ಅರ್ಥವೂ ಸರಿಯಿತು. ಉರ್ದುವಿನಲ್ಲಿ ‘ತಕ್ರಾರ್’ ಎಂದರೆ ಮತ್ತೆ ಮತ್ತೆ ಹೇಳುವುದು, ವಾದ ಮಾಡುವುದು. ಕನ್ನಡದಲ್ಲಿ ‘ತಕರಾರು’ ಎಂದರೆ ಆಕ್ಷೇಪಣೆ. ಇಂಗ್ಲಿಷರ ಬಾಯಲ್ಲಿ ಬೆಳಗಾವಿ ‘ಬೆಲ್ಗಾಮ್’ ಆಗಿತ್ತು. 2014ರ ನವೆಂಬರ್ 1ರಿಂದ ಅದು ಸರ್ಕಾರಿ ಕಾಗದಗಳಲ್ಲಿಯೂ ಬೆಳಗಾವಿಯಾಯಿತು. ಇಂಥ ಬದಲಾವಣೆಯ ಹಿಂದೆ ಸಾಮಾನ್ಯವಾಗಿ ದುರುದ್ದೇಶ ಇರುವುದಿಲ್ಲ. ಇದನ್ನು ತಿರುಚಿದ್ದು ಎನ್ನುವುದು ನ್ಯಾಯವಲ್ಲ.

ಎರಡನೆಯದು ನಿಂತ ಜಾಗದಿಂದ ಆಗುವ ಓರೆ. ‘ಪಕ್ಷಪಾತ’ ಎಂದರೆ ಒಂದು ಪಕ್ಕಕ್ಕೆ ಬೀಳುವುದು. ‘ಜಾನಿಬ್’ ಮತ್ತು ‘ತರಫ್’ ಎಂದರೂ ಪಕ್ಕ, ಕಡೆ ಎಂದೇ ಅರ್ಥ. ಸಂಸ್ಕೃತವೂ ಉರ್ದುವೂ ಇಲ್ಲಿ ಒಂದೇ ಚಿತ್ರವನ್ನು ಕೊಡುತ್ತವೆ. ಇದಕ್ಕೆ ಉದಾಹರಣೆ ಹುಡುಕಲು ನಾವು ಮುರಗೋಡದವರು ದೂರ ಹೋಗಬೇಕಿಲ್ಲ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತನು. ಡಿಸೆಂಬರಿನಲ್ಲಿ ಕೋಟೆ ಕಂಪನಿಯ ಕೈಸೇರಿತು. ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ರಾಣಿ ಚೆನ್ನಮ್ಮ ತೀರಿಕೊಂಡರು. 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದರು. ಈ ಘಟನೆಗಳ ಬಗ್ಗೆ ಇಂಗ್ಲಿಷರಿಗೂ ನಮಗೂ ಜಗಳವಿಲ್ಲ. ಜಗಳವಿರುವುದು ಹೆಸರಿನಲ್ಲಿ. ಅವರಿಗೆ ಅದು ದಂಗೆ, ನಮಗೆ ಅದು ಸ್ವಾತಂತ್ರ್ಯದ ಹೋರಾಟ. 1858ರ ಮೇ ತಿಂಗಳಲ್ಲಿ ರಾಮದುರ್ಗದ ಹತ್ತಿರದ ಸುರೇಬಾನದಲ್ಲಿ ನರಗುಂದದ ಬಾಬಾಸಾಹೇಬನ ಕಡೆಯವರು ಇಂಗ್ಲಿಷ್ ಅಧಿಕಾರಿ ಮ್ಯಾನ್ಸನ್‌ನನ್ನು ಕೊಂದರು. ಅದನ್ನೂ ಒಬ್ಬರು ಕೊಲೆ ಎಂದರು, ಇನ್ನೊಬ್ಬರು ಯುದ್ಧ ಎಂದರು.

ಆದರೆ ಒಂದು ಪದವನ್ನು ಮಾತ್ರ ನೋಡಿ ಬರೆದವರನ್ನು ಅಳೆಯಬಾರದು. ಸರ್ ಸೈಯದ್ ಅಹಮದ್ ಖಾನರು 1857ರ ಘಟನೆಗಳ ಬಗ್ಗೆ ಬರೆದ ಉರ್ದು ಗ್ರಂಥದ ಹೆಸರು ‘ಅಸ್ಬಾಬ್-ಎ-ಬಗಾವತ್-ಎ-ಹಿಂದ್’. ‘ಬಗಾವತ್’ ಎಂದರೆ ಬಂಡಾಯ, ಅದು ಆಳುವವರ ಕಡೆಯ ಪದ. ಅವರು ಆಗ ಕಂಪನಿಯ ನೌಕರಿಯಲ್ಲಿಯೇ ಇದ್ದವರು. ಆದರೆ ಪುಸ್ತಕದ ಒಳಗೆ, ಕಾನೂನು ಮಾಡುವ ಸಭೆಯಲ್ಲಿ ಹಿಂದುಸ್ತಾನದವರಿಗೆ ಸ್ಥಾನ ಕೊಡದೇ ಇದ್ದುದೇ ಮುಖ್ಯ ಕಾರಣವೆಂದು ಸರ್ಕಾರಕ್ಕೇ ನೇರವಾಗಿ ಹೇಳಿದರು. ಪದ ಓರೆಯಾಗಿದ್ದರೂ ಮಾತು ನೆಟ್ಟಗಿರಬಹುದು ಎಂಬುದಕ್ಕೆ ಇದು ಸಾಕ್ಷಿ.

ಮೂರನೆಯದು ಕೈಯಿಂದ ಆಗುವುದು. ಇದೇ ನಿಜವಾದ ತಿರುಚುವಿಕೆ, ತಹ್ರೀಫ್. ಈ ಪದದ ಮೂಲದಲ್ಲಿ ಅರಬ್ಬಿಯ ‘ಹರ್ಫ್’ ಇದೆ. ಹರ್ಫ್ ಎಂದರೆ ಅಂಚು, ಅಕ್ಷರ ಎಂದೂ ಅರ್ಥ. ಮಾತನ್ನು ಅದರ ಜಾಗದಿಂದ ಕದಲಿಸುವುದೇ ತಹ್ರೀಫ್. ಇದಕ್ಕೆ ತಿಳಿದು ಮಾಡುವ ಮನಸ್ಸು ಬೇಕು. ತಿಳಿಯದೆ ಮಾಡಿದರೆ ಅದು ತಪ್ಪು ಅಷ್ಟೇ. ಉದಾಹರಣೆಗೆ, ಡಾಲ್‌ಹೌಸಿಯ ‘ದತ್ತು ಮಕ್ಕಳಿಗೆ ಹಕ್ಕಿಲ್ಲ’ ನೀತಿಯಿಂದ ಕಿತ್ತೂರಿನ ಯುದ್ಧವಾಯಿತು ಎಂದು ಎಷ್ಟೋ ಉತ್ತರ ಪತ್ರಿಕೆಗಳಲ್ಲಿ ಇರುತ್ತದೆ. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ. ಕಿತ್ತೂರಿನ ದತ್ತಕವನ್ನು ಕಂಪನಿ ಒಪ್ಪದೇ ಹೋದದ್ದು 1824ರಲ್ಲಿ, ಲಾರ್ಡ್ ಆಮ್ಹರ್ಸ್ಟ್‌ನ ಕಾಲದಲ್ಲಿ. ನಡುವೆ 24 ವರ್ಷಗಳ ಅಂತರವಿದೆ. ಇದು ಅಭಿಮಾನದಿಂದ ಬರೆಯುವವರಲ್ಲಿಯೂ ಉಳಿದುಕೊಂಡ ತಪ್ಪು, ತಿದ್ದಿದರೆ ಹೋಗುತ್ತದೆ.

ತಿರುಚುವುದಕ್ಕೆ ಯಾವಾಗಲೂ ಸುಳ್ಳು ಹೇಳಲೇಬೇಕೆಂದಿಲ್ಲ. ಗೊತ್ತಿದ್ದ ನಿಜವನ್ನು ಬಿಟ್ಟರೂ ಸಾಕು. 1785ರಲ್ಲಿ ಟಿಪ್ಪು ಸುಲ್ತಾನನ ಸೈನ್ಯ ನರಗುಂದವನ್ನೂ ಕಿತ್ತೂರನ್ನೂ ಹಿಡಿಯಿತು. ಇದು ನಮ್ಮ ಸೀಮೆಯ ಜನ ಕಂಡ ಯುದ್ಧ. 1791ರಲ್ಲಿ ಮರಾಠಾ ಸೈನ್ಯದ ಸವಾರರು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ, ಅದೇ ಟಿಪ್ಪು ಮಠಕ್ಕೆ ನೆರವು ಕಳಿಸಿ ಸ್ವಾಮಿಗಳಿಗೆ ಕನ್ನಡದಲ್ಲಿ ಪತ್ರ ಬರೆಸಿದನು. ಆ ಪತ್ರಗಳು 1916ರಲ್ಲಿ ಮೈಸೂರಿನ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರ ಕಣ್ಣಿಗೆ ಬಿದ್ದು ಹೊರಬಂದವು. ಎರಡನ್ನೂ ತಿಳಿದೂ ಮೊದಲನೆಯದನ್ನಷ್ಟೇ ಹೇಳುವವನು ತಿರುಚುತ್ತಾನೆ. ಎರಡನೆಯದನ್ನಷ್ಟೇ ಹೇಳುವವನೂ ತಿರುಚುತ್ತಾನೆ, ಅವನು ನಮ್ಮವನಾಗಿದ್ದರೂ ಸರಿ. ನಮ್ಮ ಸಮಾಜದ ಬಗ್ಗೆ ಬೇರೆಯವರು ನಿಜ ಹೇಳಬೇಕೆಂದು ಬಯಸುವ ನಾವು ಈ ಲೆಕ್ಕವನ್ನು ಮೊದಲು ನಮಗೇ ಹಚ್ಚಿಕೊಳ್ಳಬೇಕು.

ವಿದ್ಯಾರ್ಥಿ ಮಿತ್ರರೇ, ಯಾರಾದರೂ ‘ತಿರುಚಿದ್ದಾರೆ’ ಎಂದಾಗ ಮೂರು ಪ್ರಶ್ನೆ ಕೇಳಿರಿ. ಮೂಲದಲ್ಲಿ ಏನಿತ್ತು, ಯಾವ ವರ್ಷದ್ದು? ಬರೆದವರು ಯಾವ ಕಡೆ ನಿಂತಿದ್ದರು? ಗೊತ್ತಿದ್ದೂ ಬಿಟ್ಟದ್ದು ಏನು? ಮೊದಲನೆಯ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಆರೋಪ ನಿಲ್ಲುವುದಿಲ್ಲ. ಹಗ್ಗ ನೆಟ್ಟಗೆ ಇತ್ತೆಂದು ತೋರಿಸದೆ ಅದನ್ನು ತಿರುಚಿದರೆಂದು ಹೇಳಲು ಬರುವುದಿಲ್ಲ.

ನಮ್ಮ ಮಕ್ಕಳಿಗೆ ಎರಡು ಭಾಷೆಗಳ ಭಾಗ್ಯವಿದೆ. ಕಿತ್ತೂರಿನ ಲಾವಣಿಯನ್ನು ಕನ್ನಡದಲ್ಲಿ ಕೇಳಬಹುದು, ಸರ್ ಸೈಯದರನ್ನು ಉರ್ದುವಿನಲ್ಲಿ ಓದಬಹುದು. ಇಂಗ್ಲಿಷ್ ಕಲಿತವರಿಗೆ ಗೆಝೆಟಿಯರುಗಳೂ ದೊರೆಯುತ್ತವೆ. ಒಂದೇ ಘಟನೆಯನ್ನು ಎರಡು ಮೂರು ಕಡೆಯಿಂದ ನೋಡುವ ಅವಕಾಶ ಎಲ್ಲರಿಗೂ ಸಿಗುವುದಿಲ್ಲ. ಸಿಕ್ಕವರು ಅದನ್ನು ಬಳಸಿಕೊಳ್ಳಬೇಕು.