ಡೆಲ್ಲಿ ಬಿಟ್ಟ ಹುಡುಗ (ಹರಾಜಿನ ಕಥೆಗಳು, ಭಾಗ 3)

ಐಪಿಎಲ್ ಹರಾಜು ಬಂತಂದ್ರ ಚಿಕ್ಕೋಡಿ, ರಾಯಬಾಗ, ಅಥಣಿ ಚಹಾದಂಗಡಿಯೊಳಗ ಎಲ್ಲರೂ ಟೀಮ್ ಓನರ್! ನಿಪ್ಪಾಣಿ, ಕಾಗವಾಡ ಕಡೆ ಮುಂಬೈ ಫ್ಯಾನ್ಸೂ ಸಿಗ್ತಾರ, ಜಗಳ ಡಬಲ್. "ಇವನ್ನ ಯಾಕ್ ತಗೊಂಡ್ರು, ಅವನ್ನ ಯಾಕ್ ಬಿಟ್ರು?" ಅಂತ ನೀವೂ ಕೇಳಿರ್ತೀರಿ. ಹಂಗಾದ್ರ 2008ಕ್ಕೆ ಬರ್ರಿ.

ಫೆಬ್ರವರಿ 20ರಂದು ಮೊದಲ ಹರಾಜು. ಆರ್‌ಸಿಬಿ ಜಾಕ್ ಕಾಲಿಸ್‌ಗೆ 9 ಲಕ್ಷ ಡಾಲರ್ ಕೊಟ್ಟಿತು. ಮಾರ್ಚ್ 2ರಂದು ಕ್ವಾಲಾಲಂಪುರದಲ್ಲಿ ಭಾರತದ ಹುಡುಗರು ಅಂಡರ್-19 ವಿಶ್ವಕಪ್ ಗೆದ್ದರು. ಅವರಿಗೆ ಹರಾಜು ಇರಲಿಲ್ಲ, ಡ್ರಾಫ್ಟ್ ಇತ್ತು: ತಂಡಗಳು ಸರದಿ ಪ್ರಕಾರ ಒಬ್ಬೊಬ್ಬರನ್ನ ಆರಿಸಬೇಕು. ಡೆಲ್ಲಿಗೆ ತಮ್ಮೂರಿನವನೇ ಆದ ಕ್ಯಾಪ್ಟನ್ ವಿರಾಟ್ ಕೊಹ್ಲಿ ಸಿಗ್ತಿದ್ದ. ಆದರೆ ಸೆಹ್ವಾಗ್, ಗಂಭೀರ್ ಇದ್ದ ತಂಡಕ್ಕೆ ಬೇಕಾಗಿದ್ದು ಬೌಲರ್. ಎಡಗೈ ವೇಗಿ ಪ್ರದೀಪ್ ಸಾಂಗ್ವಾನ್‌ನನ್ನು ಆರಿಸಿದರು. ಕೊಹ್ಲಿ ಬೆಂಗಳೂರಿಗೆ ಬಂದ.

ಡೆಲ್ಲಿಯವರು ದಡ್ಡರಾ? ಅಲ್ರಿ. ಮೊದಲ ಸೀಸನ್‌ನಲ್ಲಿ ಕೊಹ್ಲಿ 13 ಪಂದ್ಯ ಆಡಿ ಹೊಡೆದದ್ದು 165 ರನ್. ಆರ್‌ಸಿಬಿ ಏಳನೇ ಸ್ಥಾನ. ಆದರೂ 2011ರ ಹರಾಜಿಗೆ ಮುಂಚೆ ಆರ್‌ಸಿಬಿ ಉಳಿಸಿಕೊಂಡದ್ದು ಒಬ್ಬನನ್ನೇ. ನಮ್ಮ ದ್ರಾವಿಡ್ ಅವರನ್ನಲ್ಲ, 22 ವರ್ಷದ ಕೊಹ್ಲಿಯನ್ನ. ದ್ರಾವಿಡ್ ರಾಜಸ್ಥಾನಕ್ಕೆ ಹೋದರು. 2016ರಲ್ಲಿ ಕೊಹ್ಲಿ 973 ರನ್ ಹೊಡೆದ, ಆಗಲೂ ಫೈನಲ್ ಸೋತಿವಿ. ಕಪ್ ಬಂದದ್ದು 2025ರ ಜೂನ್ 3ಕ್ಕೆ.

ನನಗೀಗ 20. ಬಿಕಾಂ ಮಾರ್ಕ್ಸ್ ಕಾರ್ಡ್ ನೋಡಿ ಮನಿಯಾಗ "ಇವ ಯಾವ ಕೆಲಸಕ್ಕ ಬರ್ತಾನ?" ಅಂತಾರ. ನಾನು ಆ 165 ನೆನಸ್ಕೋತೀನಿ. ಆರ್‌ಸಿಬಿ ಆರಿಸಿದ್ದಕ್ಕಿಂತ, ಮೂರು ವರ್ಷ ಆದಮ್ಯಾಲೂ ಕೈ ಬಿಡದೇ ಇದ್ದದ್ದೇ ದೊಡ್ಡದು ಅನಸ್ತದ. ನೀವೇನಂತೀರಿ?